ಏಳು ಸೀಟಿನ ಡೀಸೆಲ್ ಗಾಡಿಗೆ ವಿಹಾರ ನೌಕೆಯ ತೆರಿಗೆ: ಮಿರಜ್ ದಾರಿಯಲ್ಲಿ ಕಂಡ ಲೆಕ್ಕ

ಮಿರಜ್ ಪೇಟೆಯ ಆಸ್ಪತ್ರೆ ರಸ್ತೆಗಳಲ್ಲಿ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಸುಮ್ಮನೆ ನಿಂತು ಗಾಡಿಗಳ ನಂಬರ್ ಪ್ಲೇಟ್ ನೋಡಿ. ಎಂಎಚ್ 10 ಸಾಂಗ್ಲಿಯದ್ದು, ಎಂಎಚ್ 09 ಕೊಲ್ಹಾಪುರದ್ದು. ಅವುಗಳ ನಡುವೆ ಕೆಎ 23 ಚಿಕ್ಕೋಡಿ, ಕೆಎ 28 ವಿಜಯಪುರ, ಕೆಎ 48 ಜಮಖಂಡಿ. ಮಹಾರಾಷ್ಟ್ರದ ಊರಲ್ಲಿ ನಿಂತಿದ್ದೇವೋ ಕರ್ನಾಟಕದಲ್ಲೋ ಎಂದು ಒಂದು ಕ್ಷಣ ಗೊಂದಲ ಆಗುತ್ತದೆ. ಔಷಧ ಅಂಗಡಿಯವ ಮರಾಠಿಯಲ್ಲಿ ಶುರು ಮಾಡಿ ನಿಮ್ಮ ಮುಖ ನೋಡಿ ಕನ್ನಡಕ್ಕೆ ಬರುತ್ತಾನೆ. ಆ ಗಾಡಿಗಳ ಬಾಗಿಲು ತೆರೆದಾಗ ಇಳಿಯುವವರು ಇಬ್ಬರೋ ಮೂವರೋ ಅಲ್ಲ. ರೋಗಿ, ರೋಗಿಯ ಹೆಂಡತಿ, ಮಗ, ಸೊಸೆ, ಒಂದು ಮಗು, ಊರಿನ ತಿಳಿದವರೊಬ್ಬರು, ಡ್ರೈವರ್. ಏಳು ಜನ. ಅದಕ್ಕೇ ಅಲ್ಲಿ ಕಾಣುವ ಗಾಡಿಗಳಲ್ಲಿ ದೊಡ್ಡ ಪಾಲು ಮೂರು ಸಾಲಿನವು. ಬಾನೆಟ್ ಪಕ್ಕ ನಿಂತರೆ ಕೇಳುವುದು ಡೀಸೆಲ್ ಇಂಜಿನಿನ ಸದ್ದು.

ಇದು ಇವತ್ತು ನಿನ್ನೆಯ ಕತೆಯಲ್ಲ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಮಿರಜ್‌ನಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಜನ 'ಮಿರಜ್‌ಗೆ ಹೋಗುವುದು' ಎಂದರೆ ಚಿಕಿತ್ಸೆಗೆ ಹೋಗುವುದು ಎಂದೇ ತಿಳಿದುಕೊಂಡಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಈಗ ಊರಿನ ತುಂಬಾ ಆಸ್ಪತ್ರೆಗಳು. ಜತ್ ತಾಲೂಕಿನ ಕನ್ನಡಿಗರಿಗಂತೂ ಜಿಲ್ಲಾ ಕೇಂದ್ರ ಸಾಂಗ್ಲಿಯೇ, ಆಸ್ಪತ್ರೆ ಮಿರಜ್‌ನದ್ದೇ. ನಮ್ಮ ಕರಾವಳಿಯವರು ಚಿಕಿತ್ಸೆಗೆ ಅಷ್ಟು ದೂರ ಹೋಗುವುದು ಕಡಿಮೆ. ನಮಗೆ ಮಿರಜ್ ಎಂದರೆ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾ, ಅದರ ಆವರಣದಲ್ಲಿ ಮಲಗಿರುವ ಉಸ್ತಾದ್ ಅಬ್ದುಲ್ ಕರೀಂ ಖಾನ್, ಸಿತಾರ್ ಮಾಡುವ ಬೀದಿ. ಬಿಜಾಪುರ, ಗುಲ್ಬರ್ಗಾ ಝಿಯಾರತ್‌ಗೆ ಹೊರಟವರು ಮಿರಜ್‌ಗೂ ಒಂದು ಸುತ್ತು ಹಾಕಿ ಬರುತ್ತಾರೆ. ವ್ಯಾಪಾರಕ್ಕೆಂದು ಹೋಗಿ ಆ ಕಡೆಯೇ ನೆಲೆ ನಿಂತವರೂ ಇದ್ದಾರೆ.

ಹಾಗೆ ನೆಲೆ ನಿಂತ ಸಂಬಂಧಿಕರೊಬ್ಬರ ಮನೆಯಿಂದ ಆಪರೇಷನ್ ಆದ ದೊಡ್ಡಮ್ಮನನ್ನು ಊರಿಗೆ ಕರೆದುಕೊಂಡು ಬರಲು ನಾವು ಹೋಗಿದ್ದೆವು. ಗಾಡಿ ಹಳೆಯ ಇನ್ನೋವಾ, ಎರಡೂವರೆ ಲೀಟರ್ ಡೀಸೆಲ್ ಇಂಜಿನಿನದ್ದು. ಬರುವಾಗ ಏಳು ಜನ, ಮೇಲೆ ಕ್ಯಾರಿಯರ್‌ನಲ್ಲಿ ಲಗೇಜು. ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು: ಇಂಥ ಗಾಡಿಯನ್ನು ಇವತ್ತು ಹೊಸತಾಗಿ ತೆಗೆದುಕೊಳ್ಳಬೇಕಾದರೆ ಒಂದು ಸಾಧಾರಣ ಕುಟುಂಬಕ್ಕೆ ಸಾಧ್ಯವಾ? ಆಗುವುದಿಲ್ಲ ಎಂದಾದರೆ, ಆಗದಂತೆ ಮಾಡಿದವರು ಯಾರು?

ಬಸ್ಸು, ರೈಲು ಇಲ್ಲವಾ ಎಂದು ಕೇಳಬಹುದು. ಮಂಗಳೂರು ಜಂಕ್ಷನ್ ಮೂಲಕ ಮಿರಜ್ ಮುಟ್ಟುವ ಪೂರ್ಣಾ ಎಕ್ಸ್‌ಪ್ರೆಸ್ ಇದೆ, ವಾರಕ್ಕೆ ಒಂದು ಸಲ. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡುವುದು ರೈಲಿನ ದಿನ ನೋಡಿ ಅಲ್ಲವಲ್ಲ. ಇನ್ನು ಬಸ್ಸು. ಗಡಿ ವಿವಾದ ಬಿಸಿಯಾದಾಗಲೆಲ್ಲ ಮೊದಲು ನಿಲ್ಲುವುದು ಅದೇ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಹಿರೇಬಾಗೇವಾಡಿ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳಿಗೆ ಕಲ್ಲು ಬಿತ್ತು, ಎರಡೂ ಕಡೆ ಬಸ್ಸು ನಿಂತಿತು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಕಂಡಕ್ಟರ್ ಒಬ್ಬರ ಮೇಲೆ ಭಾಷೆಯ ಹೆಸರಲ್ಲಿ ಹಲ್ಲೆ ಆಯಿತು. ಅದರ ಬೆನ್ನಿಗೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕನ ಮುಖಕ್ಕೆ ಮಸಿ ಬಳಿದರು. ಮಹಾರಾಷ್ಟ್ರ ಸರಕಾರ ಕರ್ನಾಟಕಕ್ಕೆ ಹೋಗುವ ತನ್ನ ಬಸ್ಸು ನಿಲ್ಲಿಸಿತು. ಭಾಷಣ ಮಾಡಿದವರಿಗೆ ಇದರಿಂದ ಏನೂ ಆಗಲಿಲ್ಲ. ಡಯಾಲಿಸಿಸ್‌ಗೆ, ಕೀಮೋಗೆ ತಾರೀಕು ಸಿಕ್ಕಿದವರು ಏನು ಮಾಡಿದರು? ಊರಲ್ಲಿ ಯಾರದ್ದೋ ಏಳು ಸೀಟಿನ ಗಾಡಿ ಹುಡುಕಿದರು. ಇಂಥ ಗಾಡಿಯನ್ನು ನಾವು 'ಫ್ಯಾಮಿಲಿ ಕಾರ್' ಎನ್ನುತ್ತೇವೆ. ಗಡಿ ಭಾಗದಲ್ಲಿ ಅದು ಅರ್ಧ ಬಸ್ಸು, ಅರ್ಧ ಆಂಬ್ಯುಲೆನ್ಸ್.

ಈಗ ಗಾಡಿ ಹೇಗೆ ಓಡುತ್ತದೆ ಎನ್ನುವುದಕ್ಕೆ ಬರೋಣ. ಮಂಗಳೂರಿನಿಂದ ಅಂಕೋಲಾ, ಅಲ್ಲಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಸಂಕೇಶ್ವರ, ಚಿಕ್ಕೋಡಿ, ಕಾಗವಾಡ. ಕಾಗವಾಡ ದಾಟಿದರೆ ಮ್ಹೈಸಾಳ, ಆಮೇಲೆ ಮಿರಜ್. ಒಟ್ಟು ಸುಮಾರು 600 ಕಿ.ಮೀ. ಈ ದಾರಿಯಲ್ಲಿ ಗಾಡಿಗೆ ಮೂರು ಬೇರೆ ಬೇರೆ ಪರೀಕ್ಷೆ ಇದೆ. ಕರಾವಳಿಯಲ್ಲಿ ಊರಿಗೊಂದು ಹಂಪು, ಸರ್ವಿಸ್ ರೋಡು. ಅರಬೈಲಿನಲ್ಲಿ ಎದುರು ಲಾರಿ ಸಾಲು, ತಿರುವಿನಲ್ಲಿ ನಿಂತು ಮತ್ತೆ ಏರಬೇಕು. ಹುಬ್ಬಳ್ಳಿ ಆದ ಮೇಲೆ ಬೆಳಗಾವಿ ದಾಟುವವರೆಗೆ ಹೆದ್ದಾರಿಯ ಓಟ.

ಡೀಸೆಲ್ ಇಂಜಿನಿನ ಬೆಲೆ ಗೊತ್ತಾಗುವುದು ಅರಬೈಲಿನಲ್ಲಿ. ಕಂಪೆನಿಗಳು ಜಾಹೀರಾತಿನಲ್ಲಿ ಅಶ್ವಶಕ್ತಿಯ ಲೆಕ್ಕ ಕೊಡುತ್ತವೆ. ಏಳು ಜನ ಕೂತ ಗಾಡಿಗೆ ಬೇಕಾದದ್ದು ಅದಲ್ಲ, ಟಾರ್ಕ್. ಅಂದರೆ ಚಕ್ರವನ್ನು ತಿರುಚುವ ಬಲ, ಅದೂ ಇಂಜಿನ್ ನಿಧಾನ ತಿರುಗುವಾಗಲೇ ಸಿಗಬೇಕು. ಹಳೆಯ ಇನ್ನೋವಾದ 2494 ಸಿಸಿ ಇಂಜಿನಿನ ಶಕ್ತಿ 102 ಪಿಎಸ್ ಅಷ್ಟೇ. ಈಗಿನ ಪೆಟ್ರೋಲ್ ಎರ್ಟಿಗಾದ್ದೂ ಹತ್ತಿರ ಹತ್ತಿರ ಅಷ್ಟೇ, 103. ಕಾಗದದ ಮೇಲೆ ಎರಡೂ ಒಂದೇ. ಆದರೆ ಇನ್ನೋವಾದ ಟಾರ್ಕ್ 200 ಎನ್‌ಎಂ, ಅದು 1400 ಆರ್‌ಪಿಎಂನಲ್ಲೇ ಬಂದು ನಿಲ್ಲುತ್ತದೆ. ಎರ್ಟಿಗಾದ್ದು 140ಕ್ಕಿಂತ ಸ್ವಲ್ಪ ಕಡಿಮೆ, ಅದು ಪೂರ್ತಿ ಸಿಗಬೇಕಾದರೆ ಇಂಜಿನ್ 4400 ಆರ್‌ಪಿಎಂಗೆ ಹೋಗಬೇಕು. ಇಬ್ಬರೇ ಇದ್ದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಎರ್ಟಿಗಾ ಹಗುರ ಗಾಡಿ, ಇನ್ನೂ ಚುರುಕಾಗಿ ಓಡುತ್ತದೆ. ಏಳು ಜನ ಕೂತು ಘಾಟಿಯಲ್ಲಿ ಲಾರಿಯ ಹಿಂದೆ ನಿಂತು ಮತ್ತೆ ಎತ್ತುವಾಗ ಗೊತ್ತಾಗುತ್ತದೆ. ಒಂದರಲ್ಲಿ ಎರಡನೇ ಗೇರ್ ಹಾಕಿ ಸುಮ್ಮನೆ ಹತ್ತುತ್ತೀರಿ, ಇನ್ನೊಂದರಲ್ಲಿ ಒಂದನೇ ಗೇರಿಗೆ ಇಳಿಸಿ ಇಂಜಿನ್ ಕಿರುಚಿಸಬೇಕು. ಹೊಲಿಗೆ ಇನ್ನೂ ಒಣಗದ ದೊಡ್ಡಮ್ಮ ನಡುವಿನ ಸಾಲಿನಲ್ಲಿ ಒರಗಿ ಮಲಗಿದ್ದಾಗ ಈ ವ್ಯತ್ಯಾಸ ಸಣ್ಣದಲ್ಲ.

ಈಗಿನ ಇನ್ನೋವಾ ಕ್ರಿಸ್ಟಾದಲ್ಲಿ 2393 ಸಿಸಿ ಇಂಜಿನ್, 150 ಪಿಎಸ್, 343 ಎನ್‌ಎಂ. ಕಿಯಾ ಕಾರೆನ್ಸ್ ಡೀಸೆಲ್‌ನಲ್ಲಿ 1493 ಸಿಸಿ, 116 ಪಿಎಸ್, 250 ಎನ್‌ಎಂ. ಅಂದರೆ ಒಂದು ಲೀಟರ್ ಚಿಕ್ಕ ಇಂಜಿನ್ ಇವತ್ತು ಹಳೆಯ ಇನ್ನೋವಾಕ್ಕಿಂತ ಹೆಚ್ಚು ಎಳೆಯುತ್ತದೆ, ಎಣ್ಣೆಯೂ ಕಡಿಮೆ ಕುಡಿಯುತ್ತದೆ. ಇಪ್ಪತ್ತು ವರ್ಷದಲ್ಲಿ ಡೀಸೆಲ್ ತಂತ್ರಜ್ಞಾನ ಎಷ್ಟು ಮುಂದೆ ಹೋಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತಮಾಷೆ ಎಂದರೆ, ಅದು ಇಷ್ಟು ಸುಧಾರಿಸಿದ ಹೊತ್ತಿಗೇ ಮಾರುಕಟ್ಟೆಯಿಂದ ಮಾಯ ಆಗುತ್ತಿದೆ.

ಮಾಯ ಆದದ್ದು ಹೇಗೆ ಎಂದು ನೋಡಿದರೆ ಒಂದು ತಾರೀಕು ಸಿಗುತ್ತದೆ: 2020ರ ಏಪ್ರಿಲ್ 1. ಅಂದು ದೇಶಕ್ಕೆ ಬಿಎಸ್6 ನಿಯಮ ಬಂತು. ಡೀಸೆಲ್ ಕಾರು ಒಂದು ಕಿ.ಮೀ.ಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು, ಮಸಿಯ ಕಣ 25ರಿಂದ 4.5ಕ್ಕೆ. ಇದನ್ನು ಪಾಲಿಸಲು ದುಬಾರಿ ಫಿಲ್ಟರ್ ಬೇಕು. ಇಪ್ಪತ್ತು ಲಕ್ಷದ ಗಾಡಿಯಲ್ಲಿ ಆ ಖರ್ಚು ಅಡಗಿ ಹೋಗುತ್ತದೆ, ಹತ್ತು ಲಕ್ಷದ ಗಾಡಿಯಲ್ಲಿ ಅಡಗುವುದಿಲ್ಲ. ಮಾರುತಿ ಡೀಸೆಲ್ಲನ್ನೇ ಬಿಟ್ಟಿತು, ಅದರೊಂದಿಗೆ ಡೀಸೆಲ್ ಎರ್ಟಿಗಾ ಹೋಯಿತು. ಮಹೀಂದ್ರಾದ ಮರಾಝೊ ಒಳ್ಳೆಯ ಗಾಡಿ, ಮಾರಾಟ ಆಗದೆ ಕಣ್ಮರೆಯಾಯಿತು. ಹಳೆಯ ಟವೇರಾ, ಕ್ಸೈಲೊ ಹೆಸರು ಈಗ ಗ್ಯಾರೇಜಿನವರಿಗೆ ಮಾತ್ರ ನೆನಪು. ಎಸ್‌ಯುವಿಗಳನ್ನು ಬದಿಗಿಟ್ಟು ಅಪ್ಪಟ ಕುಟುಂಬದ ವ್ಯಾನ್ ಎಂದು ಹುಡುಕಿದರೆ, ನಮ್ಮಂಥವರು ಕನಿಷ್ಠ ಬೆಲೆ ವಿಚಾರಿಸಬಹುದಾದ ಡೀಸೆಲ್ ಗಾಡಿಗಳು ಕ್ರಿಸ್ಟಾ ಮತ್ತು ಕಾರೆನ್ಸ್. ಇದರಲ್ಲಿ ಕ್ರಿಸ್ಟಾ ವಿಚಾರಿಸಿ ವಾಪಸು ಬರುವ ಗಾಡಿ.

ಬಿಎಸ್6 ತಪ್ಪು ಎಂದು ನಾನು ಹೇಳುತ್ತಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿದೆ. ಕ್ಯಾನ್ಸರ್ ರೋಗಿಯನ್ನು ಕೂರಿಸಿಕೊಂಡು ಕಪ್ಪು ಹೊಗೆ ಬಿಡುತ್ತಾ ಹೋಗುವ ಹಳೆಯ ಗಾಡಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ತಕರಾರು ಬೇರೆ. ಶುದ್ಧವಾದ ಹೊಸ ಡೀಸೆಲ್ ಗಾಡಿಯನ್ನು ಕುಟುಂಬಗಳ ಕೈಗೆ ಎಟಕದಂತೆ ಮಾಡಿದರೆ ಅವರು ಗಾಡಿ ಬಿಟ್ಟು ನಡೆಯುವುದಿಲ್ಲ, ಹಳೆಯದನ್ನೇ ಓಡಿಸುತ್ತಾರೆ. ಹದಿನೈದು ವರ್ಷ ಆದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂ., ಇಪ್ಪತ್ತು ವರ್ಷ ದಾಟಿದರೆ 2025ರ ಆಗಸ್ಟ್‌ನ ಹೊಸ ಅಧಿಸೂಚನೆಯಂತೆ 10,000 ರೂ. ಮೊದಲ ಇನ್ನೋವಾ ಬಂದದ್ದು 2005ರಲ್ಲಿ. ಅಂದರೆ ಆ ಗಾಡಿಗಳಿಗೆ ಈಗ ಇಪ್ಪತ್ತು ತುಂಬಿದೆ. ಹತ್ತು ಸಾವಿರ ಕೊಟ್ಟರೂ ಹೊಸತಿನ ಹದಿನೈದು-ಇಪ್ಪತ್ತು ಲಕ್ಷದ ಮುಂದೆ ಅದು ಚಿಲ್ಲರೆ. ಜನ ಕೊಡುತ್ತಾರೆ.

ಇಲ್ಲಿಗೆ ಬಂತು ಜಿಎಸ್‌ಟಿ ಕತೆ. 2025ರ ಸೆಪ್ಟೆಂಬರ್ 22ರಿಂದ ಕಾರುಗಳ ತೆರಿಗೆ ಬದಲಾಯಿತು, ಪತ್ರಿಕೆಗಳ ಮುಖಪುಟದಲ್ಲಿ ಹಬ್ಬದ ಉಡುಗೊರೆ ಎಂದು ಬಂತು. ಡೀಸೆಲ್ ಕಾರಿನ ನಿಯಮ ಹೀಗಿದೆ: ಇಂಜಿನ್ 1500 ಸಿಸಿ ಒಳಗೆ ಮತ್ತು ಉದ್ದ ನಾಲ್ಕು ಮೀಟರ್ ಒಳಗೆ ಇದ್ದರೆ 18 ಶೇಕಡ. ಎರಡರಲ್ಲಿ ಒಂದು ಮೀರಿದರೂ 40. ಕ್ರಿಸ್ಟಾಕ್ಕೆ ಮೊದಲು ಸೆಸ್ ಸೇರಿ 50 ಇತ್ತು, ಕಾರೆನ್ಸ್‌ಗೆ 45. ಆದ್ದರಿಂದ ಇಳಿದದ್ದು ಹೌದು, ಅದನ್ನು ಒಪ್ಪೋಣ. ಆದರೆ ಈ 40ರ ಗುಂಪಿನಲ್ಲಿ ಜತೆಗೆ ಯಾರಿದ್ದಾರೆ ನೋಡಿ: ವಿಹಾರ ನೌಕೆ, ಸ್ವಂತ ಬಳಕೆಯ ವಿಮಾನ. ಉಮ್ಮನನ್ನು, ಮಕ್ಕಳನ್ನು, ಅತ್ತೆ-ಮಾವನನ್ನು ಒಟ್ಟಿಗೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವ ಗಾಡಿಯೂ, ಗೋವಾದ ಸಮುದ್ರದಲ್ಲಿ ಪಾರ್ಟಿ ಮಾಡುವ ನೌಕೆಯೂ ಸರಕಾರದ ಕಣ್ಣಲ್ಲಿ ಒಂದೇ ದರ್ಜೆ!

ಅದೇ ದಿನ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೂರುವ ವಾಹನಕ್ಕೆ 28ರಿಂದ 18ಕ್ಕೆ ಇಳಿಯಿತು. ಸರಕು ಸಾಗಿಸುವ ವಾಹನಕ್ಕೂ 18. ಅಂದರೆ ಸಾಂಗ್ಲಿಯ ಅರಿಶಿನದ ಮೂಟೆ ಹೊರುವ ಪಿಕಪ್‌ಗೆ 18, ಹತ್ತು ಜನರ ಗಾಡಿಗೆ 18, ಏಳು ಜನರದ್ದಕ್ಕೆ 40. ಸಣ್ಣ ಕುಟುಂಬದ ಪುಟ್ಟ ಕಾರಿಗೂ 18. ನಡುವೆ ಸಿಕ್ಕಿಬಿದ್ದದ್ದು ಕೂಡು ಕುಟುಂಬ.

ನಾಲ್ಕು ಮೀಟರಿನ ಒಳಗೆ ಏಳು ಸೀಟಿನ ಡೀಸೆಲ್ ಇಲ್ಲವೇ ಇಲ್ಲವಾ? ಇದೆ. ಬೊಲೆರೊ, ಬೊಲೆರೊ ನಿಯೊ. ಉದ್ದ 3995 ಮಿಲಿಮೀಟರ್, ಇಂಜಿನ್ 1493 ಸಿಸಿ. ಐದು ಮಿಲಿಮೀಟರ್‌ನಲ್ಲಿ, ಏಳು ಸಿಸಿಯಲ್ಲಿ ಗೆದ್ದ ಗಾಡಿ. ಅಷ್ಟು ಉದ್ದದಲ್ಲಿ ಏಳು ಜನರನ್ನು ಹಿಡಿಸಲು ಏನು ಮಾಡಿದ್ದಾರೆ ಎಂದರೆ, ಹಿಂದಿನ ಇಬ್ಬರನ್ನು ಎದುರುಬದುರು ಅಡ್ಡ ಕೂರಿಸಿದ್ದಾರೆ, ಜೀಪಿನ ಕಾಲದ ಹಾಗೆ. ಬ್ರೇಕ್ ಹಾಕಿದಾಗ ಅವರ ದೇಹ ಮುಂದಕ್ಕಲ್ಲ, ಪಕ್ಕಕ್ಕೆ ಎಸೆಯಲ್ಪಡುತ್ತದೆ. ಬೊಲೆರೊ ನಿಯೊಗೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸಿಕ್ಕಿದ್ದು ದೊಡ್ಡವರ ಸುರಕ್ಷತೆಗೆ ಒಂದು ಸ್ಟಾರ್, ಮಕ್ಕಳ ಸುರಕ್ಷತೆಗೂ ಒಂದೇ. ಗಟ್ಟಿ ಗಾಡಿ, ಹಳ್ಳಿ ದಾರಿಗೆ ಅದರಷ್ಟು ಒಗ್ಗುವ ಗಾಡಿ ಇಲ್ಲ, ಅದು ಬೇರೆ ಮಾತು. ಅಡ್ಡ ಸೀಟಿನಲ್ಲಿ ಸಾಧಾರಣವಾಗಿ ಯಾರನ್ನು ಕೂರಿಸುತ್ತೇವೆ ಹೇಳಿ? ಮಕ್ಕಳನ್ನು.

ಲೆಕ್ಕ ಹಾಕಿ. ತೆರಿಗೆಗೆ ಮೊದಲು ಹತ್ತು ಲಕ್ಷ ಬೆಲೆ ಎಂದು ಇಟ್ಟುಕೊಳ್ಳಿ. ಎದುರುಬದುರು ಸೀಟಿನ ಗಾಡಿಗೆ 1.8 ಲಕ್ಷ ಜಿಎಸ್‌ಟಿ, ಮುಂದಕ್ಕೆ ಮುಖ ಮಾಡಿದ ಮೂರು ಸಾಲಿನ ಗಾಡಿಗೆ 4 ಲಕ್ಷ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ, ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ 17 ಶೇಕಡ, ಅದರ ಮೇಲೆ ಸೆಸ್. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಅದೂ ಏರುತ್ತದೆ. ಎರಡರ ನಡುವಿನ ಅಂತರ ಎರಡೂವರೆ ಲಕ್ಷ ದಾಟುತ್ತದೆ. ಮಹಾರಾಷ್ಟ್ರದಲ್ಲಿ ಡೀಸೆಲ್ ಎಂಬ ಕಾರಣಕ್ಕೇ ಪೆಟ್ರೋಲ್ ಗಾಡಿಗಿಂತ ಎರಡು ಶೇಕಡ ಹೆಚ್ಚು ರಸ್ತೆ ತೆರಿಗೆ. ಎರಡೂವರೆ ಲಕ್ಷ ಉಳಿಸಲು ಒಬ್ಬ ತಂದೆ ಮಕ್ಕಳನ್ನು ಅಡ್ಡ ಸೀಟಿನಲ್ಲಿ ಕೂರಿಸಿದರೆ ಅವನನ್ನು ಬೈಯುವುದು ಸುಲಭ. ಗಾಡಿಯ ಉದ್ದ ನೋಡಿ ವಿಲಾಸ ಅಳೆಯುವ ನಿಯಮ ಬರೆದವರನ್ನು ಯಾರೂ ಕೇಳುವುದಿಲ್ಲ. ಎಷ್ಟು ಸೀಟು, ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇದೆಯಾ, ಒಬ್ಬ ಪ್ರಯಾಣಿಕನಿಗೆ ಎಷ್ಟು ಎಣ್ಣೆ ಎಂದು ನೋಡಿ ತೆರಿಗೆ ಹಾಕಲು ಏನು ಅಡ್ಡಿ? ಕಾರೆನ್ಸ್ ಕೂಡ ಚಿನ್ನವಲ್ಲ, 2024ರ ಮರುಪರೀಕ್ಷೆಯಲ್ಲಿ ಮೂರು ಸ್ಟಾರ್. ಪೆಟ್ರೋಲ್ ಎರ್ಟಿಗಾಕ್ಕೆ ಅದೇ ವರ್ಷ ಒಂದು. ಸುರಕ್ಷತೆಗೆ ರಿಯಾಯಿತಿ ಕೊಟ್ಟರೆ ಕಂಪೆನಿಗಳೂ ಮೈಮುರಿದು ಕೆಲಸ ಮಾಡುತ್ತವೆ, ಉದ್ದಕ್ಕೆ ರಿಯಾಯಿತಿ ಕೊಟ್ಟರೆ ಐದು ಮಿಲಿಮೀಟರ್ ಕತ್ತರಿಸುತ್ತವೆ.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು, ಯಾಕೆಂದರೆ ಈ ಗಾಡಿಯ ಹೆಸರಿನಲ್ಲೇ ಸಾಂಗ್ಲಿ ಇದೆ. ಇನ್ನೋವಾ ಮಾಡುವ ಕಂಪೆನಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್, 1997ರಲ್ಲಿ ಶುರುವಾದದ್ದು, ಕಾರ್ಖಾನೆ ಬಿಡದಿಯಲ್ಲಿ. ಆ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ ಹುಟ್ಟಿದ್ದು 1869ರಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು. ಅಲ್ಲಿನ ಪುರಸಭೆ ಜಾಗ ಖಾಲಿ ಮಾಡಿಸಿದಾಗ ಔಂಧ್ ಸಂಸ್ಥಾನದ ರಾಜ ಕುಂಡಲ್ ಹತ್ತಿರ ಬರಡು ಜಾಗ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು, ಇವತ್ತು ಅದು ಸಾಂಗ್ಲಿ ಜಿಲ್ಲೆ. ಬೆಳಗಾವಿಯಲ್ಲಿ ಜಾಗ ಕಳಕೊಂಡವರು ಸಾಂಗ್ಲಿ ಕಡೆ ಹೋಗಿ ನೆಲೆ ನಿಂತರು, ಅವರ ಮನೆತನದ ಹೆಸರು ನೂರು ವರ್ಷದ ಮೇಲೆ ಬಿಡದಿಯ ಗಾಡಿಯ ಮೇಲೆ ಕೂತು ಮತ್ತೆ ಅದೇ ಗಡಿ ದಾಟುತ್ತಿದೆ. ಗಡಿ ನಮ್ಮದು-ನಿಮ್ಮದು ಎಂದು ಬಸ್ಸಿಗೆ ಕಲ್ಲು ಹೊಡೆಯುವವರಿಗೆ ಈ ಗಾಡಿ ಯಾವ ರಾಜ್ಯದ್ದು ಎಂದು ಕೇಳಬೇಕು ಅನಿಸುತ್ತದೆ.

ಸರಿ, ಜೇಬಿನ ಲೆಕ್ಕಕ್ಕೆ ಬರುತ್ತೇನೆ. ಡೀಸೆಲ್ ಅಗ್ಗ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. 2012ರಲ್ಲಿ ಅದು ಸತ್ಯ, ಆಗ ಡೀಸೆಲ್ 40 ರೂ. ಆಸುಪಾಸು ಇದ್ದರೆ ಪೆಟ್ರೋಲ್ 70ರ ಆಸುಪಾಸು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ನಿಯಂತ್ರಣ ತೆಗೆದ ಮೇಲೆ ಆ ಅಂತರ ಕರಗಿತು. ಕರ್ನಾಟಕ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆಯನ್ನು 21.17 ಶೇಕಡಕ್ಕೆ ಏರಿಸಿತು. ಆಗ ಡೀಸೆಲ್ ಸುಮಾರು 90, ಪೆಟ್ರೋಲ್ ನೂರು ದಾಟಿತ್ತು. ಹಳೆಯ ಇನ್ನೋವಾ ತುಂಬಿದ ಗಾಡಿಯಲ್ಲಿ ಲೀಟರ್‌ಗೆ 12 ಕಿ.ಮೀ. ಕೊಟ್ಟರೆ ಮಿರಜ್‌ಗೆ 50 ಲೀಟರ್, 4,500 ರೂ. ಟ್ಯಾಂಕ್ 55 ಲೀಟರಿನದ್ದು, ಒಮ್ಮೆ ತುಂಬಿದರೆ ಹೋಗಿ ಮುಟ್ಟುತ್ತದೆ. ಎರ್ಟಿಗಾ ಪೆಟ್ರೋಲ್ ಅದೇ ದಾರಿಗೆ 15 ಕೊಟ್ಟರೂ 40 ಲೀಟರ್, ನಾಲ್ಕು ಸಾವಿರದ ಚಿಲ್ಲರೆ. ಅಂದರೆ ಹಳೆಯ ಇನ್ನೋವಾ ಎಣ್ಣೆಯಲ್ಲಿ ಗೆಲ್ಲುವುದೇ ಇಲ್ಲ! ಅದು ಗೆಲ್ಲುವುದು ಎಳೆತದಲ್ಲಿ, ಬಾಳಿಕೆಯಲ್ಲಿ, ಮೂರನೇ ಸಾಲಿನಲ್ಲಿ ದೊಡ್ಡವರು ಕೂರಬಹುದು ಎನ್ನುವುದರಲ್ಲಿ.

ಒಂದೇ ಮಾಡೆಲ್‌ನಲ್ಲಿ ಪೆಟ್ರೋಲ್ ಬೇಕಾ ಡೀಸೆಲ್ ಬೇಕಾ ಎನ್ನುವವರಿಗೆ ಒಂದು ಅಂದಾಜು. ಡೀಸೆಲ್‌ಗೆ ಲಕ್ಷದ ಮೇಲೆ ಇಪ್ಪತ್ತು ಸಾವಿರ ಹೆಚ್ಚು ಕೊಟ್ಟಿರಿ ಎಂದುಕೊಳ್ಳಿ. ಪೆಟ್ರೋಲ್ 12, ಡೀಸೆಲ್ 16 ಕಿ.ಮೀ. ಕೊಟ್ಟರೆ ಕಿ.ಮೀ.ಗೆ ಸುಮಾರು 3 ರೂ. ಉಳಿಯುತ್ತದೆ. ಹೆಚ್ಚು ಕೊಟ್ಟದ್ದು ವಾಪಸು ಬರಲು 40,000 ಕಿ.ಮೀ. ಓಡಬೇಕು. ವರ್ಷಕ್ಕೆ ಹತ್ತು ಸಾವಿರ ಓಡಿಸುವವರಿಗೆ ನಾಲ್ಕು ವರ್ಷ. ಮಕ್ಕಳನ್ನು ಶಾಲೆಗೆ ಬಿಟ್ಟು ಬರಲು, ಶುಕ್ರವಾರ ಮಸೀದಿಗೆ, ಭಾನುವಾರ ಮದುವೆ ಹಾಲ್‌ಗೆ ಮಾತ್ರ ಗಾಡಿ ತೆಗೆಯುವವರು ಬಿಎಸ್6 ಡೀಸೆಲ್ ತೆಗೆದುಕೊಳ್ಳಲೇಬೇಡಿ. ಅದರ ಫಿಲ್ಟರ್‌ನಲ್ಲಿ ಸೇರಿದ ಮಸಿ ಸುಟ್ಟುಹೋಗಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದ ಓಟ ಬೇಕು. ಐದು ಕಿ.ಮೀ. ಓಡಿ ನಿಲ್ಲಿಸುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಸಿಎನ್‌ಜಿ ಎರ್ಟಿಗಾ ಇನ್ನೂ ಅಗ್ಗಕ್ಕೆ ಓಡುತ್ತದೆ, ಆದರೆ ಸಿಲಿಂಡರ್ ಮೂರನೇ ಸಾಲಿನ ಹಿಂದೆ ಕೂತು ಲಗೇಜಿನ ಜಾಗ ತಿನ್ನುತ್ತದೆ. ರೋಗಿಯ ಹಾಸಿಗೆ, ಅಡುಗೆ ಪಾತ್ರೆ ಸಮೇತ ಹೋಗುವವರಿಗೆ ಅದು ಆಗುವ ಮಾತಲ್ಲ.

ಪೆಟ್ರೋಲ್ ಕತೆಯಲ್ಲಿ ಇನ್ನೊಂದು ತಿರುವು ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡ ಎಥೆನಾಲ್. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಅದಕ್ಕೆ ಮೈಲೇಜ್ ಇಳಿಯುತ್ತದೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಆರೇಳು ಶೇಕಡ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಸಾಂಗ್ಲಿ, ಕೊಲ್ಹಾಪುರ, ಚಿಕ್ಕೋಡಿ ಎಲ್ಲ ಕಬ್ಬಿನ ಸೀಮೆ, ಎಥೆನಾಲ್‌ನಿಂದ ಅಲ್ಲಿನ ಸಕ್ಕರೆ ಕಾರ್ಖಾನೆಗಳಿಗೆ ಜೀವ ಬಂದಿದೆ. ಅದೇ ಸೀಮೆಯ ರೈತ ಕಬ್ಬು ಕಳಿಸಿ ಬಂದ ದುಡ್ಡಲ್ಲಿ ಗಾಡಿ ತೆಗೆಯುವಾಗ ಎಥೆನಾಲ್ ಇಲ್ಲದ ಡೀಸೆಲ್ಲನ್ನೇ ಕೇಳುತ್ತಾನೆ.

ಕೊನೆಗೆ ಒಂದು ಗಂಭೀರ ವಿಷಯ, ನಮ್ಮವರು ಹೆಚ್ಚು ಯೋಚಿಸದೆ ಬಿಡುವಂಥದ್ದು. ಸಾಂಗ್ಲಿ-ಕೊಲ್ಹಾಪುರ ಕಡೆ ಸೀಟು ಲೆಕ್ಕದಲ್ಲಿ ಜನ ತುಂಬುವ ಗಾಡಿಗಳಿಗೆ 'ವಡಾಪ್' ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ, ಅಭ್ಯಾಸ ಇದೆ. ಪರಿಚಯದವರ ಬಿಳಿ ಬೋರ್ಡಿನ ಇನ್ನೋವಾ, 'ಎಣ್ಣೆ ಹಾಕಿ, ಮೇಲೆ ಎರಡು ಸಾವಿರ ಕೊಡಿ' ಎಂಬ ಒಪ್ಪಂದ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂ. ದಂಡ, ಜೈಲಿಗೂ ಅವಕಾಶ ಇದೆ. ಏಳರ ಮೇಲೆ ಒಬ್ಬೊಬ್ಬರಿಗೆ 200 ರೂ., ಬೆಲ್ಟ್ ಹಾಕದಿದ್ದರೆ 1,000. ದಂಡ ಕಟ್ಟಿ ಮುಗಿಸಬಹುದು. ಮುಗಿಯದ್ದು ಅಪಘಾತ ಆದರೆ.

ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸಬಾರದು ಎಂದು ಸ್ಪಷ್ಟ ಬರೆದಿರುತ್ತದೆ. ಅದಕ್ಕಿಂತ ದೊಡ್ಡ ಗುಂಡಿ ಇನ್ನೊಂದು. ಹಳೆಯ ಗಾಡಿಗೆ ಹೆಚ್ಚಿನವರು ಥರ್ಡ್ ಪಾರ್ಟಿ ಮಾತ್ರ ಕಟ್ಟುತ್ತಾರೆ, ಪೊಲೀಸರಿಗೆ ತೋರಿಸಲು ಅಷ್ಟು ಸಾಕು. ಥರ್ಡ್ ಪಾರ್ಟಿ ಎಂದರೆ ರಸ್ತೆಯಲ್ಲಿ ಹೋಗುವವನಿಗೆ ರಕ್ಷಣೆ. ಖಾಸಗಿ ಕಾರಿನ ಒಳಗೆ ಕೂತ ನಿಮ್ಮ ಅಕ್ಕ, ಬಾವ, ಅಳಿಯನಿಗೆ ಅದರಲ್ಲಿ ರಕ್ಷಣೆ ಇಲ್ಲ. ಕಾಯ್ದೆಯ ಕನಿಷ್ಠ ಪಾಲಿಸಿ ಪುಕ್ಕಟೆ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ, ಸ್ಕೂಟರಿನ ಹಿಂದೆ ಕೂತವರೊಬ್ಬರ ಪ್ರಕರಣದಲ್ಲಿ ಹೇಳಿದೆ. ಪ್ಯಾಕೇಜ್ ಪಾಲಿಸಿ ಅಂದರೆ ಫುಲ್ ಇನ್ಶೂರೆನ್ಸ್ ಇದ್ದರೆ ಒಳಗಿನವರಿಗೂ ರಕ್ಷಣೆ ಬರುತ್ತದೆ. ಹೆಸರು ಹಾಕದ ಪ್ರಯಾಣಿಕರಿಗೆ ತಲಾ ಎರಡು ಲಕ್ಷದವರೆಗೆ ವೈಯಕ್ತಿಕ ಅಪಘಾತ ವಿಮೆ ಸೇರಿಸಬಹುದು, ಏಳು ಸೀಟಿಗೂ ಸೇರಿ ಹೆಚ್ಚು ದುಡ್ಡು ಆಗುವುದಿಲ್ಲ. ಏಜೆಂಟ್ ತಾನಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ನಮ್ಮ ಮದುವೆ ದಿಬ್ಬಣಗಳು, ಝಿಯಾರತ್ ಯಾತ್ರೆಗಳು ಎಷ್ಟು ಇಂಥ ಗಾಡಿಗಳಲ್ಲಿ ನಡೆಯುತ್ತವೆ ಎಂದು ಯೋಚಿಸಿ. ಅಪಘಾತ ಆದ ಮೇಲೆ ಊರಿನವರು ಚಂದಾ ಎತ್ತಿ ಆಸ್ಪತ್ರೆ ಬಿಲ್ ಕಟ್ಟಿದ್ದು ನಮಗೆ ಹೊಸತಲ್ಲ.

ನಾವು ಹೋಗಿದ್ದ ಗಾಡಿಯ ಪಾಲಿಸಿ ಯಾವುದು ಎಂದು ನಾನೂ ಹೊರಡುವ ಮೊದಲು ಕೇಳಿರಲಿಲ್ಲ. ಬರುವಾಗ ಯಲ್ಲಾಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ, ಅರಬೈಲು ಇಳಿಯುವ ಮೊದಲು, ಡ್ಯಾಶ್‌ಬೋರ್ಡ್ ತೆರೆದು ಕಾಗದ ತೆಗೆದು ನೋಡಿದೆ. ಥರ್ಡ್ ಪಾರ್ಟಿ ಮಾತ್ರ. ಹಿಂದಿನ ಸಾಲಿನಲ್ಲಿ ಮಕ್ಕಳು ನಿದ್ದೆ ಹೋಗಿದ್ದರು, ದೊಡ್ಡಮ್ಮ ಎಷ್ಟು ದೂರ ಇದೆ ಎಂದು ಕೇಳಿದರು. ಗಾಡಿ ಓಡಿಸುತ್ತಿದ್ದ ತಮ್ಮನಿಗೆ ಕಾಗದ ತೋರಿಸಿದೆ. ಅವನು ಓದಿ ಮಡಚಿ ಒಳಗಿಟ್ಟ. ಆಮೇಲೆ ಘಾಟಿ ಪೂರ್ತಿ ಎರಡನೇ ಗೇರಿನಲ್ಲೇ ಇಳಿಸಿದ, ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದರೂ ಬದಲಿಸಲಿಲ್ಲ. ಊರಿಗೆ ಬಂದ ಮೂರನೇ ದಿನ ಫುಲ್ ಇನ್ಶೂರೆನ್ಸ್ ಮಾಡಿಸಲು ಹೋದರೆ, ಗಾಡಿ ಹಳೆಯದು, ಮೊದಲು ಇನ್‌ಸ್ಪೆಕ್ಷನ್ ಆಗಬೇಕು ಎಂದರು.